ವರ್ಷ ಮೊದಲು, ದಿನ ಕೊನೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಮಳೆಗಾಲದ ಒಂದು ಸಂಜೆ. ನಮ್ಮ ಅಡಿಕೆ ತೋಟಕ್ಕೆ ಕೊಳೆ ರೋಗ ಬಂದಿತ್ತು. ಹೋದ ವರ್ಷ ಮೊದಲ ಸಲ ಔಷಧಿ ಹೊಡೆಸಿದ್ದು ಯಾವತ್ತು ಅಂತ ಅಪ್ಪ ಕೇಳಿದರು. ಮೈಲುತುತ್ತ, ಸುಣ್ಣ ಕದಡುವಾಗ ನಾನೇ ಫೋಟೋ ತೆಗೆದಿದ್ದೆ. ಕಂಪ್ಯೂಟರ್‌ನಲ್ಲಿ ಹುಡುಕಿದೆ. 'ತೋಟ', 'ತೋಟ ಹೊಸದು', 'ತೋಟ ಹೊಸದು 2'. ಒಂದೂವರೆ ಗಂಟೆ ಹೋಯಿತು.

ಫೋಟೋ ಸಿಕ್ಕಿತು. ಆದರೆ ದಿನಾಂಕ ಸರಿಯಿರಲಿಲ್ಲ. ಹಳೇ ಫೋನಿನಿಂದ ವಾಟ್ಸಾಪ್‌ನಲ್ಲಿ ಕಳಿಸಿಕೊಂಡಿದ್ದೆ. ವಾಟ್ಸಾಪ್ ಇಡುವ ಹೆಸರಿನಲ್ಲಿರುವುದು ಫೋಟೋ ಬಂದು ಸೇರಿದ ದಿನ, ತೆಗೆದ ದಿನ ಅಲ್ಲ. ಕ್ಯಾಮೆರಾ ಫೋಟೋದೊಳಗೆ ಬರೆದಿಟ್ಟ ದಿನಾಂಕವೂ ಹಾಗೆ ಕಳಿಸುವಾಗ ಅಳಿಸಿಹೋಗುತ್ತದೆ. ಅದನ್ನೇ ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ.

ಅಷ್ಟರಲ್ಲಿ ಅಪ್ಪ ಮಳೆ ಲೆಕ್ಕದ ಪುಸ್ತಕ ತೆಗೆದಿದ್ದರು. 'ಮೃಗಶಿರ ಹುಟ್ಟುವ ಎರಡು ದಿನ ಮುಂಚೆ ಔಷಧಿ ಆಯ್ತು.' ಎರಡೇ ನಿಮಿಷದಲ್ಲಿ ಉತ್ತರ!

ಆವತ್ತಿನಿಂದ ನಾನು ಫೈಲಿನ ಹೆಸರನ್ನು ದಿನಾಂಕದಿಂದಲೇ ಶುರು ಮಾಡುತ್ತೇನೆ. ಅದೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ. ಯಾಕೆ ಅಂತೀರಾ? ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಓದಿ ಸಾಲಾಗಿ ನಿಲ್ಲಿಸುತ್ತದೆ. ದಿನ ಮೊದಲು ಬರೆದರೆ ಹನ್ನೆರಡು ತಿಂಗಳ ಐದನೇ ತಾರೀಖುಗಳೆಲ್ಲ ಒಂದೇ ಕಡೆ ಗುಂಪಾಗುತ್ತವೆ. 2024-06-05 ಅಂತ ಬರೆದರೆ ಹೆಸರಿನ ಸಾಲೇ ಕಾಲದ ಸಾಲು. ಜೂನ್‌ಗೆ ಬರೀ 6 ಸಾಲದು, 06 ಬೇಕು. ಇಲ್ಲದಿದ್ದರೆ ಎಷ್ಟೋ ಕಡೆ 10 ಬಂದು 2ಕ್ಕಿಂತ ಮೊದಲು ನಿಲ್ಲುತ್ತದೆ. ಮಧ್ಯೆ ಓರೆಗೆರೆ ಹಾಕಿದರೆ ವಿಂಡೋಸ್ ಒಪ್ಪುವುದಿಲ್ಲ, ಅಡ್ಡಗೆರೆ ಸಾಕು. 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಪದ್ಧತಿಯೂ ಇದೇ.

ನಮ್ಮ ನಾಡಿಗೆ ಇದು ಹೊಸದೇನಲ್ಲ. ಬಳ್ಳಿಗಾವಿ ಕಡೆಯ ಶಾಸನಗಳನ್ನು ನೋಡಿ. ಶಕವರ್ಷ, ಸಂವತ್ಸರ, ಆಮೇಲೆ ಮಾಸ, ತಿಥಿ, ವಾರ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾರೆ. ಶಾಸನ ಸಂಶೋಧಕ ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎರಡು ಸಂಪುಟಗಳಲ್ಲಿ ತಂದರು. ಪ್ರತಿಯೊಂದಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ, ಅಷ್ಟೇ. ತಾಳಗುಂದದ ಕಂಬದ ಶಾಸನ ಶಿಕಾರಿಪುರ 176. ನೂರು ವರ್ಷ ದಾಟಿದರೂ ವಿದ್ವಾಂಸರು ಆ ಹೆಸರಿನಿಂದಲೇ ಅದನ್ನು ಹುಡುಕುತ್ತಾರೆ. 'ಹೊಸ ಶಾಸನ' ಅಂತ ಹೆಸರಿಟ್ಟಿದ್ದರೆ ಹುಡುಕಲು ಆಗುತ್ತಿತ್ತಾ?

ನಾನೂ ದಿನಾಂಕದ ನಂತರ ಜಾಗ, ಆಮೇಲೆ ವಿಷಯ ಬರೆಯುತ್ತೇನೆ. '2024-06-05, ಕೆಳಗಿನ ತೋಟ, ಔಷಧಿ.' ಮಂಡಿಯ ಚೀಟಿ, ಪಹಣಿ, ಅಮ್ಮನ ರಕ್ತಪರೀಕ್ಷೆ, ಎಲ್ಲಕ್ಕೂ ಹೀಗೇ.

ಈಗ ಅಪ್ಪನ ಮಳೆ ಪುಸ್ತಕಗಳ ಪುಟಗಳನ್ನು ಒಂದೊಂದಾಗಿ ಫೋಟೋ ತೆಗೆದು ಇಡುತ್ತಿದ್ದೇನೆ. ಕೆಲವು ಪುಟಗಳಲ್ಲಿ ತಾರೀಖಿಲ್ಲ, ಬರೀ ಮಳೆಯ ಹೆಸರಿದೆ. ಅಂಥವಕ್ಕೆ ವರ್ಷ, ತಿಂಗಳು ಇಷ್ಟೇ ಬರೆಯುತ್ತೇನೆ. ಆಗಲೂ ಪುಟ ತನ್ನ ಜಾಗಕ್ಕೇ ಹೋಗಿ ಕೂರುತ್ತದೆ. ಯಾವ ಮಳೆ ಯಾವ ತಿಂಗಳು ಅಂತ ಪಕ್ಕದಲ್ಲಿ ಕೂತು ಹೇಳುವುದು ಅಪ್ಪನೇ. ಮೊನ್ನೆ ಭಾನುವಾರ 1994ರ ಪುಸ್ತಕ ಮುಗಿಯಿತು. ಇನ್ನೂ ಹನ್ನೊಂದು ಉಳಿದಿವೆ.

ನಮಸ್ಕಾರ.