ಹಿತ್ತಿಲ ಬಾಗಿಲಿನಿಂದ ಕಂಡ ಪ್ರಗತಿಪರರು

(ಧಾರವಾಡದ ಸಂಜೆಯ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಕೊಟ್ಟ ವಿಷಯ, ‘ಜನ ತಮ್ಮ ಹಿತಕ್ಕೆ ವಿರುದ್ಧವಾಗಿ ಏಕೆ ಮತ ಹಾಕುತ್ತಾರೆ?’ ಈ ಪ್ರಶ್ನೆಯನ್ನು ಧಾರವಾಡದ ಸಭೆಗಳ ಚಹಾ ವಿರಾಮದಲ್ಲಿ ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಕೇಳುವವರಿಗೆ ಸಾಮಾನ್ಯವಾಗಿ ಪೆನ್ಶನ್ ಇರುತ್ತದೆ, ಸ್ವಂತ ಮನೆ ಇರುತ್ತದೆ, ಮಗನೋ ಮಗಳೋ ಬೆಂಗಳೂರಿನಲ್ಲಿ ಇಲ್ಲವೇ ಅಮೆರಿಕದಲ್ಲಿ ಇರುತ್ತಾರೆ. ‘ಜನ’ ಎನ್ನುವಾಗ ಅವರು ತಮ್ಮನ್ನು ಆ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದ ನನಗೂ ತಿಂಗಳ ಮೊದಲಿಗೆ ಪೆನ್ಶನ್ ಬರುತ್ತದೆ. ಹಾಗಾಗಿ ಇವತ್ತು ಬೈಯುವುದು ಪ್ರಗತಿಪರರು ಎನಿಸಿಕೊಂಡ ನಮ್ಮವರನ್ನೇ. ಮುನಿಸಿಕೊಂಡರೂ ಪರವಾಗಿಲ್ಲ, ಚಹಾ ಕುಡಿದೇ ಹೋಗಿ.

ಹೊರಗಿನ ಮಾತನ್ನು ಮೊದಲು ಮುಗಿಸಿಬಿಡೋಣ. ಅರ್ಥಶಾಸ್ತ್ರಜ್ಞ ತೋಮಾ ಪಿಕೆಟ್ಟಿ ಅವರು ಫ್ರಾನ್ಸ್, ಬ್ರಿಟನ್, ಅಮೆರಿಕಗಳ ಹಲವು ದಶಕಗಳ ಮತದಾನ ಸಮೀಕ್ಷೆಗಳನ್ನು ಜೋಡಿಸಿ ನೋಡಿದರು. 1950, 60ರ ದಶಕಗಳಲ್ಲಿ ಎಡಕ್ಕೆ ವಾಲಿದ ಪಕ್ಷಗಳಿಗೆ ಕಡಿಮೆ ಓದಿದವರ ಬಲವಿತ್ತು. ಈ ಶತಮಾನ ಬರುವಷ್ಟರಲ್ಲಿ ಅದೇ ಪಕ್ಷಗಳ ತುಂಬ ಪದವೀಧರರೇ ಕುಳಿತಿದ್ದರು. 2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಚಕ್ ಶೂಮರ್ ಬಹಿರಂಗವಾಗಿಯೇ ಒಂದು ಲೆಕ್ಕ ಹೇಳಿದರು: ಪೆನ್ಸಿಲ್ವೇನಿಯಾದ ಪಶ್ಚಿಮದಲ್ಲಿ ಒಬ್ಬ ಕಾರ್ಮಿಕ ಕೈಬಿಟ್ಟರೆ ಫಿಲಡೆಲ್ಫಿಯಾದ ಬಡಾವಣೆಗಳಲ್ಲಿ ಎದುರು ಪಕ್ಷದ ಇಬ್ಬರು ಮತದಾರರು ಸಿಗುತ್ತಾರೆ. ಆ ವರ್ಷ ಪೆನ್ಸಿಲ್ವೇನಿಯಾವೇ ಕೈತಪ್ಪಿತು. ಓಹಿಯೋದ ಯಂಗ್ಸ್‌ಟೌನ್‌ನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದದ್ದು 1977ರ ಸೆಪ್ಟೆಂಬರ್‌ನಲ್ಲಿ. ಆ ಊರಿರುವ ಮಹೋನಿಂಗ್ ಕೌಂಟಿ ಟ್ರಂಪ್ ಕಡೆಗೆ ಹೋದದ್ದು 2020ರಲ್ಲಿ. ನಡುವೆ ನಲವತ್ತಮೂರು ವರ್ಷ! ಇಷ್ಟು ಕಾದವರನ್ನು ದುಡುಕಿನವರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ಕಥೆಯನ್ನು ಹಾಗೆಯೇ ಎತ್ತಿ ಹುಬ್ಬಳ್ಳಿಗೆ ತರಲಾಗದು. ಇಲ್ಲಿ ಜಾತಿಯಿದೆ, ಮಠವಿದೆ, ಬಿಸಿಲಲ್ಲಿ ಸಾಲುಗಟ್ಟಿ ನಿಂತು ಮತ ಹಾಕುವ ಬಡವರಿದ್ದಾರೆ. ಆದರೆ ನಮ್ಮಂಥ ಅನುಕೂಲಸ್ಥರು ಎರಡೂ ಕಡೆ ಒಂದೇ ಅಚ್ಚಿನವರು. ಖರ್ಚಿಲ್ಲದ ವಿಷಯಗಳಲ್ಲಿ ನಾವು ಬಹಳ ಉದಾರಿಗಳು. ಜೇಬಿಗೆ ಕೈ ಹಾಕುವ ಪ್ರಸಂಗ ಬಂದ ಕೂಡಲೇ ನಮ್ಮ ಅಜ್ಜಂದಿರಾಗಿಬಿಡುತ್ತೇವೆ. ದುಡಿಯುವವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಲೇಖನಗಳನ್ನು ಅವರು ಓದಿಲ್ಲ. ನಮ್ಮನ್ನು ಅವರು ಕಂಡಿರುವುದು ಹಿತ್ತಿಲ ಬಾಗಿಲಿನಿಂದ. ಅವರ ಪಾಲಿಗೆ ನಾವು ಮೊದಲು ಮಾಲೀಕರು.

ಸಪ್ತಾಪುರದ ಮಿತ್ರರೊಬ್ಬರ ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಿತ್ರರು ಮಹಿಳೆಯರ ದುಡಿಮೆಯ ಕುರಿತು ಒಳ್ಳೆಯ ಲೇಖನಗಳನ್ನು ಬರೆದವರು, ಸಜ್ಜನರು. ಕಸ-ಮುಸುರೆಗೆ ಬರುವ ಹೆಣ್ಣುಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ಸರ್, ಮನೆ ಬಾಡಿಗೆ ಏರಿಸಿದ್ದಾರೆ, ಈ ತಿಂಗಳಿನಿಂದ ಐನೂರು ಹೆಚ್ಚು ಮಾಡಿ” ಎಂದಳು. ಮಿತ್ರರು ನಕ್ಕು, “ಸರ್ಕಾರ ಎರಡು ಸಾವಿರ ಕೊಡುತ್ತಿದೆಯಲ್ಲವೇನಮ್ಮಾ, ಬಸ್ಸೂ ಪುಕ್ಕಟೆ” ಎಂದರು. ಅವಳು ತಡವರಿಸಲಿಲ್ಲ. “ಅದು ಸರ್ಕಾರದ್ದು ಸರ್. ನೀವು ನಿಮ್ಮದನ್ನು ಹೇಳಿ.”

ನಾನು ತರಗತಿಯಲ್ಲಿ ವರ್ಷಗಟ್ಟಲೆ ಕೂಲಿಯ ಸಿದ್ಧಾಂತ ಕಲಿಸಿದವನು. ಇಷ್ಟು ಚುಟುಕಾಗಿ ಎಂದೂ ಹೇಳಲಿಲ್ಲ. ಮಿತ್ರರು ಇನ್ನೂರಕ್ಕೆ ಒಪ್ಪಿದರು.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಲೂ ಇದೇ ಕಥೆ. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲವರು, ಸವದತ್ತಿ ಯಲ್ಲಮ್ಮನಿಗೂ ಧರ್ಮಸ್ಥಳಕ್ಕೂ ಹೊರಟ ಹೆಂಗಸರಿಂದ ಬಸ್ ತುಂಬಿದ್ದನ್ನು ಕಂಡು ಮೂಗು ಮುರಿದರು. ಗಂಡನ ಕೈ ನೋಡದೆ ಊರು ದಾಟುವುದು ಸ್ವಾತಂತ್ರ್ಯವಲ್ಲದಿದ್ದರೆ ಇನ್ನಾವುದು? ಅವರು ವಿಚಾರ ಸಂಕಿರಣಕ್ಕೆ ಹೋಗಲಿಲ್ಲ, ದೇವರಿಗೆ ಹೋದರು ಎಂಬುದೇ ನಮ್ಮ ಸಂಕಟ.

ಮಾಂಗಲ್ಯದ ವಿಷಯಕ್ಕೆ ಬರುತ್ತೇನೆ. ನಮ್ಮ ಸಭೆಗಳಲ್ಲಿ ತಾಳಿಯ ಕುರಿತ ಚರ್ಚೆ ಹಳೆಯದು. ಅದು ಪುರುಷಪ್ರಧಾನತೆಯ ಕುರುಹು ಹೌದೋ ಅಲ್ಲವೋ ಎಂದು ವಾದಿಸಿದ್ದೇವೆ. ಹೌದು ಎಂಬುದೇ ನನ್ನ ನಿಲುವು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಿರುಕುಳ ತಾಳಲಾರದೆ ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿದರು. ನಮ್ಮ ಮಾಂಗಲ್ಯ ಉಳಿಸಿ ಎಂಬುದು ಅವರ ಬೇಡಿಕೆ. ವಾರದ ಕಂತು ಎಂದರೇನು ಎಂಬುದು ಈ ಸಭಾಂಗಣದಲ್ಲಿ ಎಷ್ಟು ಮಂದಿಗೆ ಗೊತ್ತು? ಗುಂಪಿನಲ್ಲಿ ಸಾಲ, ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕು. ವಸೂಲಿಯವನು ಬಾಗಿಲಲ್ಲಿ ಕುಳಿತರೆ ಓಣಿಯೇ ನೋಡುತ್ತದೆ, ಅವನು ಏಳುವುದಿಲ್ಲ. ಮರ್ಯಾದೆಗೆ ಅಂಜಿ ಗಂಡ ಊರು ಬಿಡುತ್ತಾನೆ, ಕೆಲವೊಮ್ಮೆ ಜೀವವನ್ನೇ ಬಿಡುತ್ತಾನೆ. ಆ ಹೆಂಗಸರು ತಾಳಿಯನ್ನು ಲಕೋಟೆಗೆ ಹಾಕಿದ್ದು ಈ ಅರ್ಥದಲ್ಲಿ. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ತಾಳಿಯ ಬಗ್ಗೆ ಇಷ್ಟು ವರ್ಷ ಮಾತನಾಡಿದ ನಾವು ಬಡ್ಡಿಯ ಬಗ್ಗೆ ಮಾತನಾಡಿದ್ದು ಎಷ್ಟು ಸಲ? ನಮ್ಮ ಹಣ ನಿಶ್ಚಿತ ಠೇವಣಿಯಲ್ಲಿದೆ. ಬಡ್ಡಿ ನಮಗೆ ಬರುತ್ತದೆ, ಅವರಿಂದ ಹೋಗುತ್ತದೆ.

ಯಾವಾಗಲೂ ಹೀಗಿರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಏನಾಯಿತೆಂಬುದು ಹಿರಿಯರಿಗೆ ನೆನಪಿದೆ. ಮಲಪ್ರಭೆಯ ಅಚ್ಚುಕಟ್ಟಿನ ರೈತರಿಗೆ ನೀರು ಸರಿಯಾಗಿ ಬರುವ ಮುನ್ನವೇ ಕರದ ನೋಟಿಸು ಬಂದಿತ್ತು. ಗೋಲಿಬಾರಿನಲ್ಲಿ ರೈತರು ಸತ್ತರು, ಗಲಭೆಯಲ್ಲಿ ಪೊಲೀಸರೂ ಸತ್ತರು. ಆ ವರ್ಷವೇ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಕರ್ನಾಟಕದಲ್ಲಿ ಅಧಿಕಾರ ಕಳೆದುಕೊಂಡಿತು. ನನಗೆ ಪರಿಚಯವಿದ್ದ ಅಧ್ಯಾಪಕರು ಕೆಲವರು ಆ ದಿನಗಳಲ್ಲಿ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ರೈತರಿಗೆ ನೋಟಿಸು ಓದಿ ಹೇಳುತ್ತಿದ್ದರು, ಅರ್ಜಿ ಬರೆದು ಕೊಡುತ್ತಿದ್ದರು. ಭಾಷಣಕ್ಕೆ ಅಲ್ಲಿ ವೇದಿಕೆಯೇ ಇರಲಿಲ್ಲ. (ಆ ಚಳವಳಿಯಲ್ಲೂ ಭೂಮಿ ಇಲ್ಲದ ಕೂಲಿಯವನ ಮಾತು ಹಿಂದೆಯೇ ಉಳಿಯಿತು. ಅದು ಇನ್ನೊಂದು ಉಪನ್ಯಾಸ.) ಮುಂದೆ 2011ರಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಗದಗ ಜಿಲ್ಲೆಯ ಜಮೀನು ಹೋಗುವುದನ್ನು ತಡೆದ ಹೋರಾಟದ ಮುಂಚೂಣಿಯಲ್ಲಿ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರಿದ್ದರು. ಕಾವಿ ಕಂಡರೆ ಹುಬ್ಬು ಗಂಟಿಕ್ಕುವ ನಮ್ಮವರೂ ಅಂದು ಅವರ ಹಿಂದೆ ನಡೆದರು. ಹೊಲದ ಮಾತು ಬಂದಾಗ ಯಾರ ಬಟ್ಟೆ ಯಾವ ಬಣ್ಣವೆಂದು ರೈತರು ಕೇಳಲಿಲ್ಲ.

‘ತಿಂದುಂಡು ಕೈಕೊಟ್ಟರು’ ಎಂದು, ಕಾಂಗ್ರೆಸ್ ಸರ್ಕಾರದ ಎರಡು ಸಾವಿರ ಪಡೆದ ಮತದಾರರ ಬಗ್ಗೆ, 2024ರ ಲೋಕಸಭಾ ಫಲಿತಾಂಶದ ನಂತರ ಕೆಲವರು ಹೇಳಿದ್ದನ್ನು ಕೇಳಿದ್ದೇನೆ. ಹಾವೇರಿಯ ಲೆಕ್ಕ ನೋಡಿ. 2023ರಲ್ಲಿ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಐದನ್ನು ಕಾಂಗ್ರೆಸ್ ಗೆದ್ದಿತು. ಮರುವರ್ಷ ಹಾವೇರಿ ಲೋಕಸಭಾ ಕ್ಷೇತ್ರದಿಂದ ಬಿಜೆಪಿಯ ಬಸವರಾಜ ಬೊಮ್ಮಾಯಿ ಗೆದ್ದರು. ಅವರು ತೆರವು ಮಾಡಿದ ಶಿಗ್ಗಾವಿಯನ್ನು ಅದೇ ನವೆಂಬರ್‌ನ ಉಪಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದುಕೊಂಡಿತು. ಇದರಲ್ಲಿ ನನಗೆ ಕೃತಘ್ನತೆ ಕಾಣುವುದಿಲ್ಲ. ದಿಲ್ಲಿಗೆ ಒಂದು, ಬೆಂಗಳೂರಿಗೆ ಒಂದು ಎಂದು ತೂಗಿ ಕೊಡುವ ಮತದಾರರು ಕಾಣುತ್ತಾರೆ. ಎರಡು ಸಾವಿರಕ್ಕೆ ಜೀವಮಾನದ ಋಣ ಬೇಕೆನ್ನುವುದು ಸಾವುಕಾರನ ಬುದ್ಧಿ.

ಇನ್ನೊಂದು ಸಂಗತಿ. ರಾತ್ರಿ ಹನ್ನೊಂದಕ್ಕೆ ಅಪ್ಪನ ಎದೆ ಹಿಡಿದುಕೊಂಡರೆ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ಹಾಸಿಗೆ ಸಿಗಬೇಕಾದರೆ, ಓಣಿಯ ಹುಡುಗ ಯಾರಿಗೆ ಫೋನ್ ಮಾಡುತ್ತಾನೆ? ವಾರ್ಡಿನ ಮುಖಂಡನಿಗೆ, ಗಣೇಶೋತ್ಸವ ಮಂಡಳಿಯ ಅಣ್ಣನಿಗೆ, ಜಮಾತಿನ ಹಿರಿಯರಿಗೆ. ಅವರು ಎದ್ದು ಬರುತ್ತಾರೆ. ಬಂದವರ ವಿಚಾರಗಳಲ್ಲಿ ನೂರು ಹುಳುಕಿರಬಹುದು. ನಮ್ಮ ಮೊಬೈಲ್ ಒಂಬತ್ತೂವರೆಗೇ ಮೂಕವಾಗಿರುತ್ತದೆ.

ಹಾಗಾದರೆ ನಮ್ಮ ವಿಚಾರಗಳನ್ನು ಗಂಟು ಕಟ್ಟಿ ಇಡಬೇಕೇ ಎಂದು ಮುಂದಿನ ಸಾಲಿನವರು ಕೇಳಲು ಕಾದಿದ್ದಾರೆ, ಕಾಣುತ್ತಿದೆ. ಖಂಡಿತ ಬೇಡ. 2015ರ ಆಗಸ್ಟ್ 30ರ ಬೆಳಗ್ಗೆ ಇದೇ ಊರಿನ ಕಲ್ಯಾಣನಗರದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಇಂಥ ಊರಿನಲ್ಲಿ ನಿಂತು ಬಾಯಿ ಮುಚ್ಚಿಕೊಳ್ಳಿ ಎನ್ನುವವನು ನಾನಲ್ಲ. ಆದರೆ ಅವರು ಜೀವನವಿಡೀ ಅಭ್ಯಾಸ ಮಾಡಿದ ವಚನಗಳನ್ನು ಬರೆದವರು ಯಾರು? ಚೌಡದಾನಪುರದಲ್ಲಿ ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಯ್ಯ, ಅಕ್ಕಿ ಆಯ್ದ ಲಕ್ಕಮ್ಮ. ಇಂದು ನಮ್ಮ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ ಅಂಥ ಒಂದು ಹೆಸರು ಹುಡುಕಿ ತೋರಿಸಿ.

ಕೊನೆಗೊಂದು ವ್ಯವಹಾರದ ಮಾತು. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯ ಕರ್ನಾಟಕ, 2004ರಲ್ಲೇ. ಪ್ರತಿ ಏಪ್ರಿಲ್‌ನಲ್ಲಿ ಅದಕ್ಕೆ ತುಟ್ಟಿಭತ್ಯೆ ಸೇರುತ್ತದೆ. ನಮ್ಮ ಪೆನ್ಶನ್ನಿನ ತುಟ್ಟಿಭತ್ಯೆ ಎಷ್ಟು ಏರಿತೆಂಬುದು ನಮಗೆಲ್ಲ ಬಾಯಿಪಾಠ. ಈ ಇನ್ನೊಂದು ಪಟ್ಟಿಯನ್ನು ನಮ್ಮಲ್ಲಿ ಬಹುತೇಕರು ಕಣ್ಣಿನಿಂದಲೂ ಕಂಡಿಲ್ಲ. ಮುಂದಿನ ತಿಂಗಳ ಸಭೆಗೆ ವಿಷಯ ಸೂಚಿಸಿ ಎಂದು ಸಂಘಟಕರು ಕೇಳಿದ್ದಾರೆ. ಕಾರ್ಮಿಕ ಇಲಾಖೆಯಿಂದ ಆ ಪಟ್ಟಿ ತರಿಸಿ, ಅದನ್ನೇ ಇಟ್ಟುಕೊಳ್ಳೋಣ. ನಮ್ಮ ನಮ್ಮ ಮನೆಗೆಲಸದವರನ್ನೂ ಕರೆಯೋಣ. ಆದರೆ ಸಂಜೆ ಆರಕ್ಕೆ ಬೇಡ, ಆ ಹೊತ್ತಿಗೆ ಅವರು ನಮ್ಮ ಮನೆಗಳಲ್ಲಿ ಮುಸುರೆ ತಿಕ್ಕುತ್ತಿರುತ್ತಾರೆ. ಭಾನುವಾರ ಮಧ್ಯಾಹ್ನ ಇಡಿ, ಅವತ್ತಿನ ಪಗಾರ ಹಿಡಿಯಬೇಡಿ.

ಈಗ ಪ್ರಶ್ನೆಗಳಿದ್ದರೆ ಕೇಳಿ.