ತಾಮ್ರದ ಹೊಳಪು, ಸೀಸದ ಗುಂಡು

ಕೇಳುಗರಿಗೆ ನಮಸ್ಕಾರ.

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಎನ್‌ಸಿಸಿ ಸೇರಿದವರಿಗೆ ಪಾಯಿಂಟ್ ಟೂ ಟೂ ರೈಫಲ್, ಅಂದರೆ ಸಣ್ಣ ಗುಂಡಿನ ರೈಫಲ್, ಹೊಸದಲ್ಲ. ಅವರಲ್ಲಿ ಕೆಲವರು ಮುಂದೆ ಶೂಟಿಂಗ್ ಕ್ರೀಡೆಗೆ ಬರುತ್ತಾರೆ. ಬಂದವರು ಬೇಗನೆ ಕೇಳುವ ಪ್ರಶ್ನೆ ಒಂದಿದೆ. "ಸರ್, ತಾಮ್ರ ಹಚ್ಚಿದ ಗುಂಡು ಒಳ್ಳೆಯದಾ, ಬರೀ ಸೀಸದ್ದಾ?"

ಹೊಳೆಯುವುದೇ ಗಟ್ಟಿ, ಅದಕ್ಕೇ ಜೋರು ಜಾಸ್ತಿ ಅಂತ ಹಲವರ ಲೆಕ್ಕ. ಹಾಗೇನೂ ಇಲ್ಲ ಮಾರಾಯ್ರೇ. ಆ ತಾಮ್ರ ತೀರಾ ತೆಳು. ಚೂರಿಯಲ್ಲಿ ಕೆರೆದರೆ ಒಳಗಿನ ಸೀಸ ಕಾಣುತ್ತದೆ. ಸೈನ್ಯದ ದೊಡ್ಡ ರೈಫಲ್ ಗುಂಡಿಗೆ ಇರುವ ದಪ್ಪ ಲೋಹದ ಕವಚವೇ ಬೇರೆ, ಇದು ಬರೀ ಲೇಪ.

ಲೇಪ ಯಾಕೆ ಬೇಕಾಯಿತು? ಗುಂಡು, ಮದ್ದು, ಹಿತ್ತಾಳೆ ಕೊಳವೆ ಎಲ್ಲ ಸೇರಿದ್ದು ತೋಟೆ. 1887ರಿಂದ ಬಂದಿರುವ ಈ ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟೆಯಲ್ಲಿ ಗುಂಡಿನ ಹೊರಮೈ ಮತ್ತು ಹಿತ್ತಾಳೆ ಕೊಳವೆಯ ಹೊರಮೈ ಹೆಚ್ಚುಕಡಿಮೆ ಒಂದೇ ಅಳತೆ. ಹಾಗಾಗಿ ಬಂದೂಕಿನ ನಳಿಗೆಯಲ್ಲಿ ಜಾರಲಿ ಎಂದು ಗುಂಡಿಗೆ ಹಚ್ಚಿದ ಮೇಣ ಹೊರಗೇ ಇರುತ್ತದೆ. ಕೈಗೆ ಅಂಟುತ್ತದೆ, ಕಿಸೆಯಲ್ಲಿ ಹಾಕಿದರೆ ಧೂಳು ಹಿಡಿಯುತ್ತದೆ. ತಾಮ್ರ ಇದ್ದರೆ ಕೈ ಅಷ್ಟು ಕಪ್ಪಾಗುವುದಿಲ್ಲ. ವೇಗದ ತೋಟೆಯಲ್ಲಿ ಸೀಸ ನಳಿಗೆಗೆ ಮೆತ್ತಿಕೊಳ್ಳುವುದೂ ಕಡಿಮೆ. ತಾನಾಗಿಯೇ ತೋಟೆ ತುಂಬಿಕೊಳ್ಳುವ ಬಂದೂಕಿನಲ್ಲಿ ಸಲೀಸಾಗಿ ಒಳಗೆ ಹೋಗುತ್ತದೆ. ಲಾಭ ಅಷ್ಟೇ.

ಗುರಿಯ ವಿಷಯಕ್ಕೆ ಬಂದರೆ ತಾಮ್ರಕ್ಕಿಂತ ವೇಗ ಮುಖ್ಯ. ತಾಮ್ರದ ಗುಂಡು ಹೆಚ್ಚಾಗಿ ಬರುವುದು ವೇಗದ ತೋಟೆಗಳಲ್ಲಿ. ಅದು ಹೊರಡುವಾಗ ಸೆಕೆಂಡಿಗೆ ಸುಮಾರು 370 ಮೀಟರ್. ನಮ್ಮ ಕರಾವಳಿಯ ಸೆಕೆಯಲ್ಲಿ ಶಬ್ದದ ವೇಗ ಸುಮಾರು 350. ಅಂದರೆ ಗುರಿ ಮುಟ್ಟುವ ಮೊದಲೇ ಗುಂಡು ಶಬ್ದದ ವೇಗಕ್ಕಿಂತ ಕೆಳಗೆ ಇಳಿಯಬಹುದು. ಆ ಗೆರೆ ದಾಟುವಾಗ ಅದಕ್ಕೊಂದು ಕುಲುಕಾಟ. ಮ್ಯಾಚ್‌ಗೆ ಮಾಡಿದ ಸೀಸದ ಗುಂಡು ಹೊರಡುವುದೇ ಸುಮಾರು 325ರಲ್ಲಿ. ಆ ಗೆರೆಯ ತಂಟೆಯೇ ಇಲ್ಲ.

50 ಮೀಟರ್ ರೈಫಲ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ನಮ್ಮ ಕಿರುಬೆರಳಿನ ಉಗುರಿನಷ್ಟು, ಅಲ್ವಾ? ಅಲ್ಲಿ ಸಣ್ಣ ಕುಲುಕಾಟವೂ ದುಬಾರಿ. ಅಂತಾರಾಷ್ಟ್ರೀಯ ನಿಯಮವೂ ಸೀಸ ಅಥವಾ ಅಂಥದ್ದೇ ಮೆತ್ತನೆಯ ಗುಂಡು ಇರಬೇಕು ಎನ್ನುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ 50 ಮೀಟರ್ ವಿಭಾಗದಲ್ಲೇ.

ಹಾಗಾದರೆ ಕಣ್ಣು ಮುಚ್ಚಿ ಸೀಸದ್ದೇ ತಗೊಳ್ಳಬೇಕಾ? ಕಾಗದದ ಗುರಿಗಾದರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಆದರೆ ಒಂದೊಂದು ನಳಿಗೆಗೆ ಒಂದೊಂದು ತೋಟೆ ಹಿಡಿಸುತ್ತದೆ. ಬೆಲೆ ನೋಡಿ ಹೇಳಲು ಆಗುವುದಿಲ್ಲ. ನಮ್ಮಲ್ಲಿ ತೋಟೆ ಕೊಳ್ಳುವುದಕ್ಕೂ ಲೈಸೆನ್ಸ್ ಬೇಕು, ಸುಮ್ನೆ ಸುಡುವ ಸಾಮಾನಲ್ಲ. ಅದಕ್ಕೇ ಮೊದಲು ಬೇರೆಬೇರೆ ಬಗೆಯದ್ದು ಸ್ವಲ್ಪ ಸ್ವಲ್ಪ ತಂದು, ಬಂದೂಕನ್ನು ಮರಳಚೀಲದ ಮೇಲಿಟ್ಟು ಐದೈದು ಗುಂಡು ಹೊಡೆದು, ಯಾವುದರ ತೂತುಗಳು ಹತ್ತಿರ ಹತ್ತಿರ ಬೀಳುತ್ತವೆ ನೋಡಿ. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿದಾಗ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯ ಮೇಣ ಹೋಗಿ ಹೊಸದು ನಳಿಗೆಗೆ ಕೂರಬೇಕು. ಒಳ್ಳೆಯದು ಸಿಕ್ಕರೆ ಡಬ್ಬದ ಮೇಲಿನ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ, ಬರೆದಿಟ್ಟು, ಅದೇ ಲಾಟ್ ಕೇಳಿ. ಕಂಪನಿ ಒಂದೇ ಆದರೂ ಲಾಟ್ ಬದಲಾದರೆ ಗುರಿ ಬದಲಾಗಬಹುದು.

ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ತಾಮ್ರಕ್ಕೆ ಕಿಲುಬು, ಸೀಸಕ್ಕೆ ಬಿಳಿ ಹುಡಿ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮೇಲೆ ಬೀಗ. ಎರಡಕ್ಕೂ ಇದೇ ಮದ್ದು.

ಇನ್ನೊಂದು ಮಾತು. ತಾಮ್ರ ಹಚ್ಚಿದೆ, ಸೀಸದ ಭಯವಿಲ್ಲ ಅಂದುಕೊಳ್ಳಬೇಡಿ. ತೋಟೆಯ ಅಂಚಿನೊಳಗೆ ಸಿಡಿಯುವ ಮದ್ದಿನಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ. ಅದು ಹೊಗೆಯಲ್ಲಿ ಬಂದು ಮುಖಕ್ಕೆ, ಬಟ್ಟೆಗೆ ಕೂರುತ್ತದೆ. ರೇಂಜ್‌ನಿಂದ ನೇರ ಹೋಟೆಲಿಗೆ ನುಗ್ಗಿ ಗೋಳಿಬಜೆಗೆ ಕೈ ಹಾಕಬೇಡಿ. ಮೊದಲು ಸಾಬೂನು ಹಾಕಿ ಕೈ, ಮುಖ ತೊಳೆಯಿರಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅಂಗಿ ಬದಲಿಸಿದ ಮೇಲೆಯೇ ಎತ್ತಿಕೊಳ್ಳಿ.

ನಮಸ್ಕಾರ.