ಮುರಿದ ಮೂರು ಹಲ್ಲು: ಹಳೆಯ ಲೇತ್‌ನ ಬುಲ್ ಗೇರ್ ದುರಸ್ತಿ

[ದೃಶ್ಯ: ಮೇಜಿನ ಮೇಲೆ ಎಣ್ಣೆ ಹಿಡಿದು ಕಪ್ಪಾದ ಗೇರ್. ಕ್ಯಾಮೆರಾ ಮುರಿದ ಜಾಗದ ಹತ್ತಿರಕ್ಕೆ ಬರುತ್ತದೆ.]

ನಮಸ್ಕಾರ. ಚಪ್ಪಟೆ ಬೆಲ್ಟ್‌ನಿಂದ ಓಡುವ, ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಲೇತ್ ಒಂದರ ಬುಲ್ ಗೇರ್ ಇದು, ಅಂದರೆ ಸ್ಪಿಂಡಲ್ ಎಂಬ ತಿರುಗುವ ಮುಖ್ಯ ದಂಡದ ಮೇಲೆ ಕೂರುವ ದೊಡ್ಡ ಗೇರ್. ಇದರ 60 ಹಲ್ಲುಗಳಲ್ಲಿ ಅಕ್ಕಪಕ್ಕದ ಮೂರು ಬುಡಸಹಿತ ಹೋಗಿವೆ. ಮುರಿದ ಮೈಯನ್ನು ಗಮನಿಸಿ: ಸವೆತದ ನುಣುಪು ಎಲ್ಲಿಯೂ ಇಲ್ಲ, ಬೆಲ್ಲದ ಅಚ್ಚು ಒಡೆದಾಗ ಕಾಣುವಂಥ ಒರಟು ಹರಳಿದೆ. ದುಡಿದು ಸವೆದ ಹಲ್ಲುಗಳಲ್ಲ ಇವು, ಒಂದೇ ಏಟಿಗೆ ಹೋದವು.

ಆ ಏಟು ಯಾವುದೆಂದು ಊಹಿಸುವುದು ಕಷ್ಟವಲ್ಲ. ಇಂಥ ಲೇತ್‌ನಲ್ಲಿ ನೇರ ವೇಗಕ್ಕಾಗಿ ಪುಲ್ಲಿಯನ್ನೂ ಬುಲ್ ಗೇರನ್ನೂ ಒಂದು ಪಿನ್ ಜೋಡಿಸಿರುತ್ತದೆ. ನಿಧಾನ ವೇಗ ಬೇಕಾದಾಗ ಆ ಪಿನ್ ತೆಗೆದು, ವೇಗ ಇಳಿಸುವ ಪಕ್ಕದ ಗೇರುಗಳನ್ನು, ಅಂದರೆ ಬ್ಯಾಕ್ ಗೇರ್ ಹಾಕಬೇಕು. ಎರಡೂ ಒಟ್ಟಿಗೆ ಇದ್ದರೆ ಸ್ಪಿಂಡಲ್ ಅಲುಗದಂತೆ ಕಚ್ಚಿಕೊಳ್ಳುತ್ತದೆ. ಬಿಗಿದು ಕೂತ ಚಕ್ (ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಬಿಚ್ಚಲು ಕೆಲವರು ಬೇಕೆಂದೇ ಹೀಗೆ ಮಾಡಿ, ಚಕ್‌ನ ದವಡೆಗಳ ನಡುವೆ ಉದ್ದನೆಯ ಕಂಬಿ ತೂರಿಸಿ ಎಳೆಯುತ್ತಾರೆ. ಚಕ್ ಬಿಚ್ಚಿಕೊಳ್ಳುವ ಮೊದಲೇ ಹಲ್ಲು ಉದುರುತ್ತದೆ.

[ದೃಶ್ಯ: ವರ್ನಿಯರ್‌ನಿಂದ ಗೇರಿನ ಹೊರವ್ಯಾಸ ಅಳೆಯುವುದು.]

ಬೆಂಕಿ ಹಚ್ಚುವ ಮೊದಲು ಅಳತೆ ತೆಗೆಯೋಣ. ಹೊರವ್ಯಾಸ 196.8 ಮಿ.ಮೀ. ಇದನ್ನು ಹಲ್ಲಿನ ಸಂಖ್ಯೆಗೆ ಎರಡು ಸೇರಿಸಿ ಬಂದ 62ರಿಂದ ಭಾಗಿಸಿದರೆ 3.174 ಸಿಗುತ್ತದೆ, ಅದು ಯಾವ ರೂಢಿಯ ಮಾಡ್ಯೂಲೂ (ಮಿ.ಮೀ. ಲೆಕ್ಕದ ಹಲ್ಲಿನ ಅಳತೆ) ಅಲ್ಲ. 25.4ನ್ನು ಅದರಿಂದ ಭಾಗಿಸಿ ನೋಡಿ: 8 ಬರುತ್ತದೆ. ಇದು ಇಂಚಿನ ಲೆಕ್ಕದ, 8 ಡಯಾಮೆಟ್ರಲ್ ಪಿಚ್‌ನ (ವ್ಯಾಸದ ಪ್ರತಿ ಇಂಚಿಗೆ 8 ಹಲ್ಲು) ಗೇರ್. ಹತ್ತಿರವಿದೆಯೆಂದು 3 ಮಾಡ್ಯೂಲ್ ಕಟರ್ ಹಾಕಿದರೆ ಕೆಲಸವೆಲ್ಲ ನೀರಿನಲ್ಲಿ ಹೋಮ. ಹಳೆಯ ಗೇರುಗಳ ಒತ್ತಡಕೋನ (ಹಲ್ಲಿನ ಮೈಯ ಓರೆ) ಬಹುಪಾಲು 14.5 ಡಿಗ್ರಿ ಇರುತ್ತದೆ, 20 ಅಲ್ಲ. ಕಟರನ್ನು ಚೆನ್ನಾಗಿರುವ ಸಂದಿನಲ್ಲಿ ಇಟ್ಟು, ಹಿಂದಿನಿಂದ ದೀಪ ಹಿಡಿದು ನೋಡಿಯೇ ಮುಂದುವರಿಯಬೇಕು.

ಈಗ ಬೆಸುಗೆಯ ಮಾತು. ಇದು ಬೀಡು ಕಬ್ಬಿಣ, ಇದರಲ್ಲಿ ಇಂಗಾಲ ಸುಮಾರು ಶೇ. 3ರಷ್ಟಿದೆ. ತಣ್ಣಗಿರುವ ಬೀಡಿಗೆ ಸಾಮಾನ್ಯ ಸ್ಟೀಲ್ ರಾಡಿನಿಂದ ಆರ್ಕ್ ವೆಲ್ಡಿಂಗ್ ಮಾಡಿದರೆ, ಬೆಸುಗೆಯ ಅಂಚು ತಟ್ಟನೆ ತಣಿದು, ಅರ ಜಾರುವಷ್ಟು ಗಡುಸಾಗಿ, ಪಕ್ಕದಲ್ಲೇ ಬಿರುಕು ಬಿಡುತ್ತದೆ. ಆದ್ದರಿಂದ ನನ್ನ ಆಯ್ಕೆ ಹಿತ್ತಾಳೆ ಕಡ್ಡಿಯ ಬ್ರೇಜಿಂಗ್. ಕಡ್ಡಿ ಸುಮಾರು 880 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಬೀಡು ಕರಗಲು 1150 ದಾಟಬೇಕು. ಹೀಗಾಗಿ ಗೇರ್ ಕರಗದೆ ಅದರ ಮೇಲೆ ಹಿತ್ತಾಳೆ ಹರಡಿ ಹಿಡಿಯುತ್ತದೆ.

[ದೃಶ್ಯ: ಗ್ಯಾಸ್ ಜ್ವಾಲೆಯ ಕೆಳಗೆ ಬೆವರುತ್ತಿರುವ ಗೇರ್.]

ಗೇರನ್ನು ಸ್ಪಿಂಡಲ್‌ನಿಂದ ಬಿಚ್ಚಿ, ಮುರಿದ ಜಾಗವನ್ನು ಅರದಿಂದ ಉಜ್ಜಿ ಹೊಸ ಲೋಹ ತೋರಿಸಿದ್ದೇನೆ. ಗ್ರೈಂಡರ್ ಬಳಸಲಿಲ್ಲ, ಏಕೆಂದರೆ ಅದು ಬೀಡಿನೊಳಗಿನ ಗ್ರಾಫೈಟನ್ನು ಮೈಗೆಲ್ಲ ಸವರಿಬಿಡುತ್ತದೆ. ಆ ಮೈಗೆ ಹಿತ್ತಾಳೆ ಅಂಟುವುದಿಲ್ಲ. ಇನ್ನೊಂದು ಶತ್ರು ಎಣ್ಣೆ. ಇಡೀ ಗೇರನ್ನು ನಿಧಾನವಾಗಿ ಬಿಸಿ ಮಾಡುತ್ತಿದ್ದಂತೆ, ಎಷ್ಟೋ ವರ್ಷಗಳಿಂದ ಒಳಗೆ ಇಂಗಿದ್ದ ಎಣ್ಣೆ ಕಪ್ಪು ಬೆವರಿನಂತೆ ಹೊರಬರುತ್ತಿರುವುದನ್ನು ನೋಡಿ. ಇದನ್ನು ಒರೆಸುತ್ತಾ, ಬೆವರು ನಿಲ್ಲುವವರೆಗೆ ಕಾಯಬೇಕು. ನಂತರ ಬಿಳಿಗಾರದ ಪುಡಿ ಹಾಕಿ, ಜಾಗ ಮಂದ ಕೆಂಪಾದ ಮೇಲೆ ಕಡ್ಡಿ ತಾಗಿಸಿದರೆ, ಹಿತ್ತಾಳೆ ಹನಿಗಟ್ಟಿ ಉರುಳದೆ ಹಂಚಿನ ಮೇಲಿನ ತುಪ್ಪದಂತೆ ಹರಡುತ್ತದೆ. ಸತುವಿನ ಬಿಳಿ ಹೊಗೆ ಏಳುವುದರಿಂದ ಈ ಕೆಲಸವನ್ನು ಗಾಳಿಯಾಡುವ ಕಡೆ ಮಾಡಬೇಕು.

ಹಲ್ಲಿನ ಎತ್ತರಕ್ಕಿಂತ ತುಸು ಹೆಚ್ಚು ತುಂಬಿ, ಗೇರನ್ನು ಒಣ ಸುಣ್ಣದ ಪುಡಿಯಲ್ಲಿ ಹೂತು, ಮರುದಿನ ತೆಗೆಯಿರಿ.

[ದೃಶ್ಯ: ಮಿಲ್ಲಿಂಗ್ ಯಂತ್ರ, ಡಿವೈಡಿಂಗ್ ಹೆಡ್.]

ಹೊರವ್ಯಾಸವನ್ನು ತೆಳುವಾಗಿ ತುರಿದು ಸರಿಪಡಿಸಿದ ಮೇಲೆ ಹಲ್ಲು ಕಡಿಯುವುದು. 60 ಹಲ್ಲಿಗೆ 8 ಪಿಚ್‌ನ 2ನೇ ಸಂಖ್ಯೆಯ ಕಟರ್. ಡಿವೈಡಿಂಗ್ ಹೆಡ್‌ನ ಹಿಡಿಕೆ 40 ಸುತ್ತು ತಿರುಗಿದರೆ ಗೇರ್ ಒಂದು ಸುತ್ತು ತಿರುಗುತ್ತದೆ; ಆದ್ದರಿಂದ ಹಿಡಿಕೆಗೆ ಪ್ರತಿ ಸಲವೂ ಮೂರನೇ ಎರಡು ಭಾಗ ಸುತ್ತು, ಅಂದರೆ 18 ರಂಧ್ರದ ವೃತ್ತದಲ್ಲಿ 12 ಅಂತರ. ಮೊದಲು ಕಟರ್ ಒಂದು ಅಖಂಡ ಸಂದಿನಲ್ಲಿ ಎರಡೂ ಕಡೆ ತಾಗದೆ ಕೂರುವಂತೆ ಹೊಂದಿಸಿ, ಅಲ್ಲಿಂದ ಎಣಿಸುತ್ತಾ ಬನ್ನಿ. ಹೋದದ್ದು ಮೂರು ಹಲ್ಲು, ಕಡಿಯಬೇಕಾದದ್ದು ನಾಲ್ಕು ಸಂದು: ಇಲ್ಲಿ ಎಡವಿದವರಲ್ಲಿ ನಾನೂ ಒಬ್ಬ. ಆಳ 6.85 ಮಿ.ಮೀ. ಮಿಲ್ಲಿಂಗ್ ಸೌಕರ್ಯವಿಲ್ಲದವರು ಚೆನ್ನಾಗಿರುವ ಸಂದಿನ ಆಕಾರಕ್ಕೆ ತಗಡಿನ ಅಚ್ಚು ಕತ್ತರಿಸಿಕೊಂಡು ಅರದಿಂದಲೇ ಮಾಡಬಹುದು. ಬ್ಯಾಕ್ ಗೇರ್ ನಿಧಾನವಾಗಿ, ಅಪರೂಪಕ್ಕೆ ತಿರುಗುವಂಥದ್ದು. ಅಷ್ಟು ಕೈಗೆಲಸವನ್ನು ಅದು ಸಹಿಸುತ್ತದೆ.

ಚಕ್ ಬಿಚ್ಚುವ ಸರಿಯಾದ ಕ್ರಮವನ್ನೂ ತೋರಿಸುತ್ತೇನೆ. ಬ್ಯಾಕ್ ಗೇರ್ ಹಾಕದೆ, ಬೆಡ್‌ನ ಹಿಂಬದಿಯಲ್ಲಿ ಮರದ ತುಂಡು ಇಟ್ಟು, ದವಡೆ ಅದಕ್ಕೆ ಬಡಿಯುವಂತೆ ಬೆಲ್ಟನ್ನು ಕೈಯಿಂದ ಹಿಮ್ಮುಖವಾಗಿ ಜಗ್ಗಿ. ಮೋಟರ್ ಬೇಡ.

[ದೃಶ್ಯ: ಗೇರ್ ಮರಳಿ ಲೇತ್‌ನಲ್ಲಿ, ಹಲ್ಲುಗಳಿಗೆ ನೀಲಿ ಬಣ್ಣ.]

ಹಲ್ಲು ತಾಗುವ ಜಾಗ ಕಾಣಲೆಂದು ನೀಲಿ ಹಚ್ಚಿ ಕೈಯಿಂದ ತಿರುಗಿಸಿದಾಗ ಹೊಸ ಹಲ್ಲುಗಳ ಮೇಲಿನ ಗುರುತು ಅಗಲದುದ್ದಕ್ಕೂ ಬಿದ್ದಿದೆ. ಒಂದರ ಅಂಚಿನಲ್ಲಿ ಮಾತ್ರ ಉಬ್ಬಿತ್ತು, ಅರದಿಂದ ಎರಡು ಸಲ ಎಳೆದೆ. ಈಗ ಬೆಲ್ಟ್ ಹಾಕೋಣ. ಬೂದು ಬಣ್ಣದ 57 ಹಲ್ಲುಗಳ ನಡುವೆ ಹಳದಿ ಮೂರು ಸುತ್ತಿ ಬರುವಾಗ ಸದ್ದು ಬದಲಾಗುತ್ತದೆಯೇ, ಕೇಳಿ.